ಕಮಾನುಗಳ ಕೆಳಗಣ ರಂಗ

ರಂಗಮಂದಿರವೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿ ಪ್ರಯೋಗಗೊಂಡ ನಾಟಕಗಳಿಂದ, ಅಭಿನಯಿಸಿದ ನಟರಿಂದ ಆರಂಭಿಸುತ್ತಾರೆ. ಅದರ ಜಮಾಖರ್ಚಿನ ಪುಸ್ತಕದಿಂದ ಆರಂಭಿಸುವವರು ವಿರಳ. ಈ ಹೊತ್ತು ನಾನು ಹೇಳಲಿರುವ ಚರಿತ್ರೆಗೆ ಮಾತ್ರ ಆ ಎರಡನೆಯ ದಾರಿಯೇ ಸರಿಯೆಂದು ತೋರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1991ರಿಂದ 2015ರವರೆಗೆ 'ದಿ ಆರ್ಚಸ್' ಎಂಬ ಕಲಾಕೇಂದ್ರವೊಂದಿತ್ತು. ಅಲ್ಲಿ ನಾಟಕವಿತ್ತು, ಸಂಗೀತವಿತ್ತು, ಚಿತ್ರಕಲೆಯಿತ್ತು. ವಾರದ ಕೊನೆಯ ಇರುಳುಗಳಲ್ಲಿ ತರುಣ ತರುಣಿಯರು ನಸುಕಿನವರೆಗೆ ಕುಣಿಯುವ ಕ್ಲಬ್ಬೂ ಇತ್ತು. ಈ ನಾಲ್ಕೂ ಒಂದೇ ಸೂರಿನ ಕೆಳಗೆ, ಒಂದೇ ಆಡಳಿತದಲ್ಲಿ, ಒಂದೇ ಥೈಲಿಯಿಂದ ನಡೆಯುತ್ತಿದ್ದುವು. ಆ ಥೈಲಿಗೆ ಹಣ ಬೀಳುತ್ತಿದ್ದುದು ಮುಖ್ಯವಾಗಿ ಕುಣಿತದಿಂದ. ಅದು ಖರ್ಚಾಗುತ್ತಿದ್ದುದು ಮುಖ್ಯವಾಗಿ ನಾಟಕಕ್ಕೆ. ಲೆಕ್ಕದ ಈ ಒಂದು ಸಾಲನ್ನು ಹಿಡಿದು ಹೊರಟರೆ ಆ ಸಂಸ್ಥೆಯ ಏಳಿಗೆಯೂ ಅರ್ಥವಾಗುತ್ತದೆ, ಅಳಿವೂ ಅರ್ಥವಾಗುತ್ತದೆ.

ಮೊದಲು ಹೆಸರಿನ ವಿಚಾರ. ಇಂಥ ಸ್ಥಳಗಳನ್ನು ನಾವು ಕನ್ನಡದಲ್ಲಿ ಕಲಾಮಂದಿರ, ಕಲಾಕ್ಷೇತ್ರ, ರಂಗಮಂದಿರ ಎಂದು ಕರೆಯುತ್ತೇವೆ. ಮಂದಿರ, ಕ್ಷೇತ್ರ ಎಂಬ ಮಾತುಗಳ ಬೆನ್ನಿಗೆ ಒಂದು ಮಡಿ ಬರುತ್ತದೆ. ಪಾದರಕ್ಷೆಯನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕೆಂಬ ಭಾವ ಬರುತ್ತದೆ. ಗ್ಲಾಸ್ಗೋದವರು ಇಟ್ಟ ಹೆಸರಿನಲ್ಲಿ ಅಂಥ ಭಾವವೇನೂ ಇಲ್ಲ. 'ಆರ್ಚಸ್' ಎಂದರೆ ಕಮಾನುಗಳು, ಅಷ್ಟೆ. ಆ ನಗರದ ಸೆಂಟ್ರಲ್ ರೈಲು ನಿಲ್ದಾಣವನ್ನು ಹೊತ್ತು ನಿಂತಿರುವ ಇಟ್ಟಿಗೆಯ ಕಮಾನುಗಳು ಅವು. ನಿಲ್ದಾಣ 1879ರಲ್ಲಿ ಆರಂಭವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಬಹಳವಾಗಿ ವಿಸ್ತರಿಸಿದರು. ಹಳಿಗಳು ಆರ್ಗೈಲ್ ಬೀದಿಯ ಮೇಲಿನಿಂದ ಹಾದುಹೋಗುವಲ್ಲಿ ಗಾಜಿನ ಗೋಡೆಗಳುಳ್ಳ ದೊಡ್ಡ ಸೇತುವೆಯೊಂದಿದೆ. ಊರಿನವರು ಅದನ್ನು 'ಮಲೆನಾಡಿಗನ ಕೊಡೆ' ಎಂಬರ್ಥದ ಅಡ್ಡಹೆಸರಿನಿಂದ ಕರೆಯುತ್ತಾರೆ. ಹೊಟ್ಟೆಪಾಡಿಗಾಗಿ ಉತ್ತರದ ಬೆಟ್ಟಗಳಿಂದ ಇಳಿದು ಬಂದ, ಗೇಲಿಕ್ ಭಾಷೆಯನ್ನಾಡುವ ಜನ ಬಿಡುವಿನ ವೇಳೆಯಲ್ಲಿ ತಮ್ಮವರನ್ನು ಕಾಣಲು ಆ ಸೇತುವೆಯ ಕೆಳಗೆ ಸೇರುತ್ತಿದ್ದರಂತೆ. ಮಳೆ ಬಿಡದ ಊರು. ನೆನೆಯದೆ ನಿಂತು ಮಾತಾಡಲು ಬಡವನಿಗೆ ಕಾಸಿಲ್ಲದೆ ದೊರೆತ ಸೂರು ಅದು. ಕಲಾಕೇಂದ್ರದ ಬಾಗಿಲು ಇದ್ದದ್ದು ಆ ಸೇತುವೆಯ ಮಗ್ಗುಲಲ್ಲೇ. ಜನ ಸೇರುವ ಜಾಗವೆಂಬ ಖ್ಯಾತಿ ಅದಕ್ಕೆ ಮುಂಚಿನಿಂದಲೂ ಇತ್ತು.

ಇಂಥ ಪಾಳು ಜಾಗ ಕಲೆಗೆ ದಕ್ಕಿದ್ದು ಹೇಗೆಂಬುದನ್ನು ತಿಳಿಯಲು ಆ ನಗರದ ದೆಸೆಯನ್ನು ಸ್ವಲ್ಪ ನೋಡಬೇಕು. ಗ್ಲಾಸ್ಗೋ ಹಡಗು ಕಟ್ಟಿದ ಊರು. ಕ್ಲೈಡ್ ನದಿಯ ದಂಡೆಯ ಕಾರ್ಖಾನೆಗಳಲ್ಲಿ ತಯಾರಾದ ಹಡಗುಗಳು ಲೋಕದ ಎಲ್ಲ ಕಡಲುಗಳಲ್ಲಿ ಓಡಿದುವು. ಎರಡನೆಯ ಮಹಾಯುದ್ಧದ ನಂತರ ಆ ಉದ್ಯಮ ಕುಸಿಯಿತು; ಕೆಲಸಗಳು ಹೋದುವು. ಎಂಬತ್ತರ ದಶಕದಲ್ಲಿ ನಗರಾಡಳಿತ ಬೇರೊಂದು ಮಾರ್ಗವನ್ನು ಹಿಡಿಯಿತು. ಹಡಗು ಕಟ್ಟಿ ಬದುಕಲಾಗದಿದ್ದರೆ ಕಲೆಯಿಂದ ಹೆಸರು ಗಳಿಸಿ ಬದುಕೋಣವೆಂಬುದು ಆ ಮಾರ್ಗ. 1983ರಲ್ಲಿ ಬರೆಲ್ ಸಂಗ್ರಹಾಲಯ ತೆರೆಯಿತು. 1988ರಲ್ಲಿ ದೊಡ್ಡ ಉದ್ಯಾನೋತ್ಸವ ನಡೆಯಿತು. 1990ರಲ್ಲಿ ಗ್ಲಾಸ್ಗೋ 'ಯೂರೋಪಿನ ಸಂಸ್ಕೃತಿ ನಗರ' ಎನಿಸಿತು. ಆ ಗೌರವ ಅದಕ್ಕೂ ಮೊದಲು ಪಡೆದಿದ್ದ ಊರುಗಳೆಂದರೆ ಅಥೆನ್ಸ್, ಫ್ಲಾರೆನ್ಸ್, ಆಮ್‌ಸ್ಟರ್‌ಡ್ಯಾಮ್, ಪಶ್ಚಿಮ ಬರ್ಲಿನ್ ಮತ್ತು ಪ್ಯಾರಿಸ್. ಈ ಪಂಕ್ತಿಯಲ್ಲಿ ಮಸಿ ಹಿಡಿದ ಕಾರ್ಮಿಕರ ಊರಿಗೂ ಎಲೆ ಹಾಕಿದ್ದನ್ನು ಕಂಡು ಹುಬ್ಬೇರಿಸಿದವರು ಅನೇಕರು.

ಈ ಸಿದ್ಧತೆಯ ನಡುವೆ ನಡೆದ ಒಂದು ಸಂಗತಿ ನಮಗೂ ಸಂಬಂಧಿಸಿದ್ದು. ಪೀಟರ್ ಬ್ರೂಕ್ ರಂಗಕ್ಕೆ ತಂದ 'ಮಹಾಭಾರತ' 1988ರಲ್ಲಿ ಗ್ಲಾಸ್ಗೋಗೆ ಬಂದಿತು. ಜಾನ್ ಕ್ಲೋದ್ ಕಾರಿಯೇರ್ ರಚಿಸಿದ, ಒಂಬತ್ತು ಗಂಟೆಗಳ ಆ ನಾಟಕಕ್ಕೆ ಮಖಮಲ್ಲಿನ ಕುರ್ಚಿಗಳ ನಾಟಕಶಾಲೆ ಒಗ್ಗದು. ಹಳೆಯ ಟ್ರಾಮ್ ಗಾಡಿಗಳ ಕೊಟ್ಟಿಗೆಯೊಂದು, ಕೆಲವು ಕಾಲ ವಾಹನಗಳ ವಸ್ತುಸಂಗ್ರಹಾಲಯವಾಗಿದ್ದು, ಆಗ ಬರಿದಾಗಿತ್ತು. ಅದರ ಇಟ್ಟಿಗೆ ಗೋಡೆಯ ಮುಂದೆ ಕುರುಕ್ಷೇತ್ರ ನಡೆಯಿತು. ಮಲ್ಲಿಕಾ ಸಾರಾಭಾಯಿ ದ್ರೌಪದಿಯಾಗಿದ್ದರು. ಬ್ರೂಕ್ ಅವರು ನಮ್ಮ ಮಹಾಕಾವ್ಯವನ್ನು ನಡೆಸಿಕೊಂಡ ಬಗೆಯ ಕುರಿತು ನಮ್ಮಲ್ಲಿ ಎದ್ದ ಚರ್ಚೆ ಬೇರೆಯದು; ಅದನ್ನು ಇಲ್ಲಿ ಎತ್ತುವುದಿಲ್ಲ. ಆ ಕೊಟ್ಟಿಗೆ ಮಾತ್ರ ನಾಟಕದ ದೆಸೆಯಿಂದ ಉಳಿದುಕೊಂಡು 'ಟ್ರಾಮ್‌ವೇ' ಎಂಬ ಕಲಾಕೇಂದ್ರವಾಯಿತು. ಪಾಳುಬಿದ್ದ ಕೈಗಾರಿಕೆಯ ಕಟ್ಟಡದಲ್ಲಿ ರಂಗಭೂಮಿಗೆ ಬೇಕಾದ ಒಂದು ಗುಣವಿದೆಯೆಂಬುದನ್ನು ವ್ಯಾಸರ ಕಥೆ ಆ ಊರಿಗೆ ತೋರಿಸಿಕೊಟ್ಟಿತು.

ಇನ್ನು ಕಮಾನುಗಳಿಗೆ ಬರೋಣ. 1990ರ ಸಂಭ್ರಮದ ಅಂಗವಾಗಿ, ನಗರದ ಚರಿತ್ರೆಯನ್ನು ಬಣ್ಣಿಸುವ 'ಗ್ಲಾಸ್ಗೋಸ್ ಗ್ಲಾಸ್ಗೋ' ಎಂಬ ಬೃಹತ್ ಪ್ರದರ್ಶನವನ್ನು ನಿಲ್ದಾಣದ ಕೆಳಗಿನ ಈ ಜಾಗದಲ್ಲಿ ಏರ್ಪಡಿಸಿದರು. ಪ್ರವೇಶಕ್ಕೆ ಶುಲ್ಕವಿಟ್ಟರು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ, ಭಾರಿ ನಷ್ಟವಾಯಿತು. ಊರಿನ ಬರಹಗಾರರಲ್ಲಿ ಒಂದು ಗುಂಪು ಮೊದಲಿನಿಂದಲೂ ಈ ಇಡೀ ಉತ್ಸವವನ್ನು ವಿರೋಧಿಸುತ್ತಿತ್ತು. ಮುಂದೆ 1994ರಲ್ಲಿ ಬುಕರ್ ಬಹುಮಾನವನ್ನು ಪಡೆದ ಕಾದಂಬರಿಕಾರ ಜೇಮ್ಸ್ ಕೆಲ್ಮನ್ ಅವರೂ ಆ ಗುಂಪಿನಲ್ಲಿದ್ದರು. ದುಡಿಯುವವರ ಊರಿನ ನೋವನ್ನು ಒರಸಿಹಾಕಿ ಹೂಡಿಕೆದಾರರಿಗಾಗಿ ಬಣ್ಣ ಬಳಿಯುವ ಕೆಲಸವಿದು ಎಂಬುದು ಅವರ ಆಕ್ಷೇಪದ ಸಾರ. ಪ್ರದರ್ಶನದ ಮಟ್ಟಿಗೆ ಆ ಆಕ್ಷೇಪದಲ್ಲಿ ಹುರುಳಿತ್ತೆಂದೇ ನನ್ನ ಎಣಿಕೆ. ಆದರೆ ವಿಫಲವಾದ ಆ ಪ್ರದರ್ಶನ ಒಂದು ಉಪಕಾರವನ್ನು ಮಾಡಿಹೋಯಿತು: ಅದಕ್ಕಾಗಿ ಕಮಾನುಗಳನ್ನು ಗುಡಿಸಿ, ದೀಪ ಹಾಕಿ, ಜನ ನಿಲ್ಲುವಂತೆ ಮಾಡಿದ್ದರು.

1991ರಲ್ಲಿ ಆಂಡಿ ಆರ್ನಲ್ಡ್ ಎಂಬ ನಿರ್ದೇಶಕರು ಆ ಖಾಲಿ ಜಾಗದಲ್ಲಿ ನಾಟಕವಾಡಲು ಬಂದರು. ಗೋಡೆಗಳಲ್ಲಿ ತೇವ, ತಲೆಯ ಮೇಲೆ ರೈಲುಗಳ ಗುಡುಗು. ನಟನ ಮಾತಿನ ನಡುವೆ ರೈಲು ಹಾದುಹೋದರೆ ಅದನ್ನೂ ನಾಟಕದ ಒಂದು ಧ್ವನಿಯೆಂದು ಸ್ವೀಕರಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಹಣದ್ದು. ಹೊಸ ನಾಟಕಕ್ಕೆ, ಹೆಸರಿಲ್ಲದ ಬರಹಗಾರನಿಗೆ, ಐವತ್ತು ಜನ ನೋಡುವ ಪ್ರಯೋಗಕ್ಕೆ ಕಾಸು ಎಲ್ಲಿಂದ ಬರಬೇಕು? ಆಗ ಊರಿನಲ್ಲಿ ಹೊಸ ಬಗೆಯ ನೃತ್ಯಸಂಗೀತದ ಅಲೆಯೆದ್ದಿತ್ತು. ಅಮೆರಿಕದ ಶಿಕಾಗೊ, ಡೆಟ್ರಾಯಿಟ್ ನಗರಗಳಲ್ಲಿ ಹುಟ್ಟಿದ 'ಹೌಸ್' ಮತ್ತು 'ಟೆಕ್ನೋ' ಎಂಬ ಯಂತ್ರವಾದ್ಯಗಳ ಸಂಗೀತ ಬ್ರಿಟನ್ನಿನ ತರುಣರನ್ನು ಸೆಳೆದಿತ್ತು. ಕುಣಿಯುವವರಿಗೆ ಬೇಕಾದದ್ದು ವಿಶಾಲವಾದ, ಕತ್ತಲೆಯ, ನೆರೆಮನೆಯವರ ದೂರಿಲ್ಲದ ಜಾಗ. ಕಮಾನುಗಳು ಅದಕ್ಕೆ ಹೇಳಿ ಮಾಡಿಸಿದಂತಿದ್ದುವು. ಆರ್ನಲ್ಡ್ ಬಾಗಿಲು ತೆರೆದರು. ಬಂದ ಹಣವನ್ನು ನಾಟಕಕ್ಕೆ ಹಾಕಿದರು.

ಇದು ಪೂರ್ತಿ ಹೊಸ ಕಲ್ಪನೆಯೇನಲ್ಲ. ಲಂಡನ್ನಿನಲ್ಲಿ 1847ರಲ್ಲಿ ರೈಲು ಎಂಜಿನುಗಳನ್ನು ತಿರುಗಿಸಲು ಕಟ್ಟಿದ 'ರೌಂಡ್‌ಹೌಸ್' ಎಂಬ ದುಂಡು ಕಟ್ಟಡವಿದೆ. ನಾಟಕಕಾರ ಆರ್ನಲ್ಡ್ ವೆಸ್ಕರ್ 1964ರಲ್ಲಿ ಅದನ್ನು ಕಾರ್ಮಿಕರ ಕಲಾಕೇಂದ್ರವಾಗಿಸಲು ಹೊರಟರು. ಕಾರ್ಮಿಕ ಸಂಘಗಳ ಮಹಾಧಿವೇಶನ ಕಲೆಯ ಪರವಾಗಿ 1960ರಲ್ಲಿ ಕೈಗೊಂಡ ನಲವತ್ತೆರಡನೆಯ ನಿರ್ಣಯದಿಂದಾಗಿ ಆ ಯೋಜನೆಗೆ 'ಸೆಂಟರ್ 42' ಎಂಬ ಹೆಸರು ಬಂದಿತ್ತು. ನಿರ್ಣಯ ದೊರೆತಷ್ಟು ಸುಲಭವಾಗಿ ದುಡ್ಡು ದೊರೆಯಲಿಲ್ಲ. 1966ರಿಂದ ಆ ಕಟ್ಟಡವನ್ನು ತುಂಬಿದ್ದು ಪಿಂಕ್ ಫ್ಲಾಯ್ಡ್‌ನಂಥ ತಂಡಗಳ ರಾಕ್ ಸಂಗೀತ. ವೆಸ್ಕರ್ ಅವರ ಕನಸು 1970ರಲ್ಲಿ ಮುಗಿಯಿತು. ಅಲ್ಲಿ ಸಂಗೀತ ಬಂದದ್ದು ನಾಟಕಕಾರನ ಮೂಲ ಸಂಕಲ್ಪಕ್ಕೆ ಹೊರಗಿನಿಂದ. ಗ್ಲಾಸ್ಗೋದಲ್ಲಿ ಇವೆರಡೂ ಮೊದಲ ದಿನಗಳಿಂದಲೇ ಒಟ್ಟಿಗೆ ಬೆಳೆದುವು.

ಆರ್ಚಸ್‌ನ ಇರುಳುಗಳಿಗೆ ದೊಡ್ಡ ಹೆಸರು ತಂದವರು 'ಸ್ಲ್ಯಾಮ್' ಎಂಬ ಜೋಡಿ, ಸ್ಟುವರ್ಟ್ ಮೆಕ್‌ಮಿಲನ್ ಮತ್ತು ಆರ್ಡ್ ಮೀಕಲ್. ಇವರ ಬಳಗದವರು ಕಟ್ಟಿದ 'ಸೋಮ' ಎಂಬ ಧ್ವನಿಮುದ್ರಣ ಸಂಸ್ಥೆ, ಆಗ ಯಾರೂ ಅರಿಯದಿದ್ದ 'ಡಾಫ್ಟ್ ಪಂಕ್' ಎಂಬ ಫ್ರೆಂಚ್ ಜೋಡಿಯ ಮೊದಲ ಮುದ್ರಿಕೆಯನ್ನು 1994ರಲ್ಲಿ ಹೊರತಂದಿತು. ಲೋಕಪ್ರಸಿದ್ಧರಾದ ಆ ಫ್ರೆಂಚರ ಮೊದಲ ತಟ್ಟೆಯ ಮೇಲೆ ಗ್ಲಾಸ್ಗೋದ ಮುದ್ರೆಯಿದೆಯೆಂಬುದು ಆ ಊರಿನವರಿಗೆ ಇಂದಿಗೂ ಹೆಮ್ಮೆಯ ಮಾತು.

ನಮ್ಮ ಭಾಷೆಯಲ್ಲಿ 'ನೃತ್ಯ' ಎಂಬ ಮಾತೂ ಇದೆ, 'ಕುಣಿತ' ಎಂಬ ಮಾತೂ ಇದೆ. ಮೊದಲನೆಯದನ್ನು ಕುಳಿತು ನೋಡುತ್ತೇವೆ. ಎರಡನೆಯದನ್ನು ಎದ್ದು ನಾವೇ ಮಾಡುತ್ತೇವೆ. ಮೊದಲನೆಯದಕ್ಕೆ ಅನುದಾನ, ಪ್ರಶಸ್ತಿ, ವಿಮರ್ಶೆ. ಎರಡನೆಯದಕ್ಕೆ ಹೆಚ್ಚೆಂದರೆ ಅನುಮತಿ. ಈ ಭೇದ ಬ್ರಿಟನ್ನಿನ ಸರಕಾರಿ ಕಡತಗಳಲ್ಲೂ ಇದೆ. ನಾಟಕ ಕಲಾಮಂಡಲಿಯ ವ್ಯಾಪ್ತಿಗೆ ಬರುತ್ತದೆ. ಕ್ಲಬ್ಬು ಮದ್ಯದ ಲೈಸೆನ್ಸು ಕೊಡುವ ಮಂಡಲಿಯ ವ್ಯಾಪ್ತಿಗೆ. ಒಂದೇ ಕಮಾನಿನ ಕೆಳಗೆ ಸಂಜೆ ಏಳಕ್ಕೆ ನಡೆಯುವುದು ಕಲೆ, ರಾತ್ರಿ ಹನ್ನೊಂದಕ್ಕೆ ನಡೆಯುವುದು ವ್ಯಾಪಾರ. ಆರ್ಚಸ್‌ನ ಒಳಗಿದ್ದವರು ಈ ಗೆರೆಯನ್ನು ಅಷ್ಟಾಗಿ ಮನ್ನಿಸಲಿಲ್ಲ. ಅಲ್ಲಿ ಪಾನೀಯ ಹಂಚಿ ಕೂಲಿ ಪಡೆಯುತ್ತಿದ್ದವರಲ್ಲಿ ಹಲವರು ಸ್ವತಃ ನಟರು, ಬರಹಗಾರರು. ಕುಣಿಯಲು ಬಂದ ಹುಡುಗ ಮುಂದೊಂದು ದಿನ ನಾಟಕಕ್ಕೆ ಬಂದು ಕೂರುವ ಸಂಭವವೂ ಇತ್ತು. ರಂಗಮಂದಿರದ ಮೆಟ್ಟಿಲೆಂದರೆ ಅಳುಕುವವನಿಗೆ ಆ ಬಾಗಿಲು ಆಗಲೇ ಪರಿಚಿತವಾಗಿತ್ತು.

ಲಾಟರಿ ನಿಧಿಯ ನೆರವಿನಿಂದ 2001ರ ಹೊತ್ತಿಗೆ ಕಟ್ಟಡವನ್ನು ದುರಸ್ತಿಗೊಳಿಸಿದರು. 2008ರಲ್ಲಿ ಆರ್ನಲ್ಡ್ ಅವರು ಅದೇ ಊರಿನ ಟ್ರಾನ್ ರಂಗಮಂದಿರದ ಹೊಣೆ ಹೊತ್ತು ತೆರಳಿದರು. ಜ್ಯಾಕಿ ವೈಲಿ ಆರ್ಚಸ್‌ನ ಕಲಾನಿರ್ದೇಶಕಿಯಾದರು. ಈಕೆಯ ಕಾಲದಲ್ಲಿ ಅಲ್ಲಿಂದ ಹೊರಟ ಕೃತಿಗಳನ್ನು ಸ್ಕಾಟ್ಲೆಂಡಿನ ರಂಗಚರಿತ್ರೆ ಬಿಟ್ಟು ಮುಂದೆ ಹೋಗುವಂತಿಲ್ಲ. ನಿಕ್ ಗ್ರೀನ್ ಅವರ 'ಟ್ರಿಲಜಿ' ಹೆಣ್ಣಿನ ದೇಹವನ್ನು ಕುರಿತ ಸಂಕೋಚವನ್ನೇ ರಂಗದ ಮೇಲಿಟ್ಟು ಪ್ರಶ್ನಿಸಿತು. ರಾಬ್ ಡ್ರಮಂಡ್ ಅವರ 'ಬುಲೆಟ್ ಕ್ಯಾಚ್' ಹಾರುವ ಗುಂಡನ್ನು ಹಿಡಿಯುವ ಹಳೆಯ ಇಂದ್ರಜಾಲದ ಆಟವನ್ನು ನೆಪವಾಗಿಟ್ಟುಕೊಂಡು ನಂಬಿಕೆಯ ಕುರಿತು ಮಾತಾಡಿತು. ಪ್ರೇಕ್ಷಕರಲ್ಲೊಬ್ಬರನ್ನು ವೇದಿಕೆಗೆ ಕರೆದು ಅವರ ಕೈಗೇ ಪಿಸ್ತೂಲನ್ನು ಕೊಡುವ ಪ್ರಯೋಗವದು.

ಆದರೆ ನಮ್ಮ ವಿಷಯಕ್ಕೆ ಹತ್ತಿರವಾದದ್ದು 2012ರ 'ಬೀಟ್ಸ್'. ಬರೆದು ಅಭಿನಯಿಸಿದವರು ಕೀರನ್ ಹರ್ಲಿ. ಹಿನ್ನೆಲೆ ಹೀಗೆ: ತೊಂಬತ್ತರ ದಶಕದ ಆರಂಭದಲ್ಲಿ ತರುಣರು ಬಯಲುಗಳಲ್ಲಿ, ಖಾಲಿ ಗೋದಾಮುಗಳಲ್ಲಿ ಅನುಮತಿಯಿಲ್ಲದೆ ಸೇರಿ ರಾತ್ರಿಯಿಡೀ ಕುಣಿಯುತ್ತಿದ್ದರು. ಅದನ್ನು ತಡೆಯಲು ಬ್ರಿಟನ್ನಿನ ಸಂಸತ್ತು 1994ರಲ್ಲಿ ಒಂದು ಶಾಸನವನ್ನು ಮಾಡಿತು. ಯಾವ ಸಂಗೀತವನ್ನು ತಡೆಯಬೇಕೆಂದು ಹೇಳುವಾಗ ಆ ಶಾಸನ ಒಂದು ಲಕ್ಷಣವನ್ನು ಕೊಟ್ಟಿತು. ಒಂದೇ ಸಮನೆ ಮರುಕಳಿಸುವ ಪೆಟ್ಟುಗಳಿಂದ ಕೂಡಿದ ನಾದವೂ ಅದರಲ್ಲಿ ಸೇರುತ್ತದೆ ಎಂದು. ಲಕ್ಷಣಗ್ರಂಥಗಳನ್ನು ಓದಿ ಕೂದಲು ನರೆಸಿಕೊಂಡ ನನ್ನಂಥವನಿಗೆ ಇದು ಬಹಳ ಸ್ವಾರಸ್ಯದ ಸಂಗತಿಯಾಗಿ ಕಂಡಿತು. ತಾಳಕ್ಕೆ ಲಕ್ಷಣ ಹೇಳಿದ ಶಾಸ್ತ್ರಕಾರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಡೆಯುವುದಕ್ಕಾಗಿ ಲಕ್ಷಣ ಹೇಳಿದವರನ್ನು ನಾನು ಕಂಡದ್ದು ಇಲ್ಲೇ. ಹರ್ಲಿ ಅವರ ನಾಟಕದಲ್ಲಿ ಹದಿನೈದರ ಹುಡುಗನೊಬ್ಬ ಮೊದಲ ಬಾರಿಗೆ ಅಂಥ ಕುಣಿತಕ್ಕೆ ಹೋಗುತ್ತಾನೆ. ಅವನ ತಾಯಿ ಮನೆಯಲ್ಲಿ ಕಾಯುತ್ತಾಳೆ. ಕುಣಿತವನ್ನು ನಿಲ್ಲಿಸಲು ಬರುವ ಪೋಲೀಸಿನವನಿಗೂ ಅವನದೇ ಆದ ಕಥೆಯಿದೆ. ಎಲ್ಲರ ಮಾತನ್ನೂ ಒಬ್ಬನೇ ನಟ ಆಡುತ್ತಾನೆ, ಪಕ್ಕದಲ್ಲಿ ಡಿ.ಜೆ. ಒಬ್ಬ ಅದೇ ನಿಷಿದ್ಧ ಪೆಟ್ಟುಗಳನ್ನು ನುಡಿಸುತ್ತಿರುತ್ತಾನೆ. ತಾಯಿಯನ್ನೂ ಪೋಲೀಸನನ್ನೂ ನಾಟಕ ಹೀಯಾಳಿಸುವುದಿಲ್ಲ. ಅದರ ಘನತೆ ಇರುವುದು ಅಲ್ಲಿ ಎಂದು ನನಗೆ ಅನಿಸುತ್ತದೆ. 2019ರಲ್ಲಿ ಇದು ಚಲನಚಿತ್ರವಾಯಿತು. ಕುಣಿತದ ಹಣದಿಂದ ಬೆಳೆದ ರಂಗ ಕುಣಿತವನ್ನೇ ವಸ್ತುವಾಗಿಸಿಕೊಂಡ ಇಂಥ ಕೃತಿ ಬೇರೆ ಯಾವ ಮನೆಯಲ್ಲಿ ಹುಟ್ಟಬೇಕಿತ್ತು?

ಇನ್ನು ಕಹಿಯಾದ ಭಾಗ. 2014ರ ಫೆಬ್ರವರಿಯಲ್ಲಿ, ಆರ್ಚಸ್‌ನ ಕ್ಲಬ್ಬಿಗೆ ಬಂದಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು 'ಎಕ್ಸ್ಟಸಿ' ಎಂಬ ಮಾದಕ ಗುಳಿಗೆಯನ್ನು ಸೇವಿಸಿ ಸತ್ತಳು. ಕಲೆಯ ಪರವಾಗಿ ಮಾತಾಡುವವರು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ದಾಟಿಹೋಗುವುದುಂಟು, ಅದು ಸರಿಯಲ್ಲ. ಹದಿನೇಳರ ಮಗಳು ಮನೆಗೆ ಮರಳಲಿಲ್ಲವೆಂಬುದರ ಎದುರು ಯಾವ ನಾಟಕದ ಯಶಸ್ಸನ್ನೂ ತೂಗಿ ನೋಡಲಾಗದು. ಪೋಲೀಸರು ಕೇಂದ್ರದ ಮೇಲೆ ಕಣ್ಣಿಟ್ಟರು. ಅಲ್ಲಿ ಮಾದಕ ವಸ್ತುಗಳ ಪ್ರಕರಣಗಳು ಹೆಚ್ಚುತ್ತಿವೆಯೆಂದು ಲೈಸೆನ್ಸ್ ಮಂಡಲಿಗೆ ದೂರು ಕೊಟ್ಟರು. ಕೇಂದ್ರದ ಪರವಾಗಿ ನಿಂತವರ ವಾದ ಬೇರೆಯಾಗಿತ್ತು. ಬಾಗಿಲಲ್ಲಿ ತಪಾಸಣೆ ಮಾಡಿ ಸಿಕ್ಕಿದ್ದನ್ನೆಲ್ಲ ಕೇಂದ್ರದವರು ತಾವಾಗಿಯೇ ವರದಿ ಮಾಡುತ್ತಿದ್ದರು; ಆ ಪ್ರಾಮಾಣಿಕ ವರದಿಗಳೇ ಎಣಿಕೆಯಾಗಿ ಅವರ ವಿರುದ್ಧ ನಿಂತುವು; ಮುಚ್ಚಿಟ್ಟವರ ಲೆಕ್ಕ ಶುಭ್ರವಾಗಿ ಕಾಣುತ್ತದೆ ಎಂದು ಅವರು ಹೇಳಿದರು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಒಂದು ಕಡೆ ಕುಣಿಯುವುದನ್ನು ನಿಲ್ಲಿಸಿದರೆ ಜನ ಕುಣಿಯುವುದನ್ನು ನಿಲ್ಲಿಸುವುದಿಲ್ಲ. ತಪಾಸಣೆಯಿಲ್ಲದ, ನೀರು ಕೊಡುವವರಿಲ್ಲದ, ಆಂಬ್ಯುಲೆನ್ಸಿಗೆ ಫೋನ್ ಮಾಡಲು ಅಂಜುವ ಜಾಗಕ್ಕೆ ಹೋಗುತ್ತಾರೆ. 1994ರ ಶಾಸನದ ಹಿಂದಿನ ಬಯಲುಗಳನ್ನು ನೆನೆದರೆ ಇದು ಗೊತ್ತಾಗುತ್ತದೆ.

2015ರ ಮೇ ತಿಂಗಳಲ್ಲಿ ನಗರದ ಲೈಸೆನ್ಸ್ ಮಂಡಲಿ ತೀರ್ಮಾನ ಕೊಟ್ಟಿತು. ಕೇಂದ್ರವನ್ನು ಮುಚ್ಚಬೇಕೆಂದು ಅದು ಹೇಳಲಿಲ್ಲ. ನಡುರಾತ್ರಿ ಹನ್ನೆರಡಕ್ಕೆ ಬಾಗಿಲು ಹಾಕಬೇಕೆಂದು ಮಾತ್ರ ಹೇಳಿತು. ನಾಟಕ ಹತ್ತು ಗಂಟೆಗೆ ಮುಗಿಯುತ್ತದೆ. ಚಿತ್ರಪ್ರದರ್ಶನ ಸಂಜೆಗೇ ಮುಗಿಯುತ್ತದೆ. ಕಾಗದದ ಮೇಲೆ ನೋಡಿದರೆ ಕಲೆಗೆ ಯಾವ ಧಕ್ಕೆಯೂ ಇಲ್ಲ. ಆದರೆ ಕೇಂದ್ರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದುದು ಕ್ಲಬ್ಬಿನ ಇರುಳುಗಳಿಂದ. ಆ ಇರುಳುಗಳ ಜೀವವಿದ್ದುದು ಹನ್ನೆರಡರ ನಂತರದ ಕೆಲವು ಗಂಟೆಗಳಲ್ಲಿ. ಮಂಡಲಿಯ ಕೈಗೆ ಬಂದದ್ದು ಒಂದು ಕಡತ. ಅದರಲ್ಲಿ ನಾಟಕದ ಹೆಸರು ಇರಬೇಕಾದ ಕಾರಣವೇ ಇರಲಿಲ್ಲ. ಕಲಾಮಂಡಲಿ ಅನುದಾನ ಕೊಡುತ್ತಿತ್ತು ನಿಜ, ಆದರೆ ಹೋದ ಅರ್ಧವನ್ನು ತುಂಬಿಕೊಡುವಷ್ಟಲ್ಲ. ನೂರಾರು ಮಂದಿ ಕಲಾವಿದರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಸಾವಿರಾರು ನಾಗರಿಕರು ಮನವಿಗೆ ಹೆಸರು ಕೊಟ್ಟರು. ಜೂನ್ ತಿಂಗಳಲ್ಲಿ ಸಂಸ್ಥೆ ದಿವಾಳಿಯ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ನೂರಕ್ಕೂ ಮಿಕ್ಕಿ ಜನ ಕೆಲಸ ಕಳೆದುಕೊಂಡರು.

ಯಾರದು ತಪ್ಪು ಎಂದು ಕೇಳಿದರೆ, ಒಬ್ಬರತ್ತ ಬೆರಳು ತೋರುವುದು ನನಗೆ ಕಷ್ಟ. ಪೋಲೀಸರ ಮುಂದೆ ಒಂದು ಸಾವಿತ್ತು. ಮಂಡಲಿಯ ಮುಂದೆ ನಿಯಮವಿತ್ತು. ನನಗೆ ತೊಡಕಾಗಿ ಕಾಣುವುದು ಅದಕ್ಕೂ ಹಿಂದಿನ ಒಂದು ನಡವಳಿಕೆ. ಈ ಕೇಂದ್ರ ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುತ್ತದೆಂದು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಎಲ್ಲರೂ ಅದನ್ನು ಮೆಚ್ಚಿದ್ದರು. ಆ ಅನ್ನ ಎಲ್ಲಿಂದ ಬರುತ್ತಿತ್ತೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಕುಣಿಯುವ ಹುಡುಗರು ಟಿಕೆಟ್ಟಿಗೂ ಬಿಯರಿಗೂ ಕೊಟ್ಟ ಪೌಂಡುಗಳನ್ನು ಪ್ರಯೋಗಶೀಲ ರಂಗಭೂಮಿಯ ಪೋಷಣೆಯೆಂದು ಯಾವ ವರದಿಯೂ ಗೌರವದಿಂದ ಕರೆದಂತಿಲ್ಲ. ಅದು ನಿಂತಾಗಲೇ ಅದರ ತೂಕ ತಿಳಿದದ್ದು.

ಬಳಿಕ ಎಲ್ಲರೂ ಚೆದುರಿದರು. ಜ್ಯಾಕಿ ವೈಲಿ 2017ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ರಂಗಭೂಮಿಯ ಕಲಾನಿರ್ದೇಶಕಿಯಾದರು. ಈ ರಾಷ್ಟ್ರೀಯ ರಂಗಭೂಮಿಗೆ ತನ್ನದೇ ಆದ ನಾಟಕಶಾಲೆಯಿಲ್ಲ. ಊರೂರಿನ ರಂಗಗಳಲ್ಲಿ, ಸಭಾಂಗಣಗಳಲ್ಲಿ ಅದರ ಕೆಲಸ. ಕಟ್ಟಡವಿಲ್ಲದ ಆ ಸಂಸ್ಥೆಗೆ ಕಟ್ಟಡ ಕಳೆದುಕೊಂಡವರು ನಾಯಕಿಯಾದದ್ದು ಸೋಜಿಗ. 2018ರಲ್ಲಿ ಕಮಾನುಗಳ ಕೆಳಗೆ ವಾರಾಂತ್ಯದ ತಿಂಡಿ ಅಂಗಡಿಗಳ ಸಂತೆಯೊಂದು ಆರಂಭವಾಯಿತು. 2021ರಲ್ಲಿ ಡೇವಿಡ್ ಬ್ರಾಚ್‌ಪೀಸ್ ಮತ್ತು ಕರ್ಸ್ಟಿನ್ ಇನಿಸ್ ಎಂಬ ಇಬ್ಬರು 'ಬ್ರಿಕ್‌ವರ್ಕ್' ಎಂಬ ಪುಸ್ತಕವನ್ನು ಪ್ರಕಟಿಸಿದರು. ಇಟ್ಟಿಗೆಕೆಲಸ ಎಂದು ಆ ಮಾತಿನ ಅರ್ಥ. ಅದು ಆರ್ಚಸ್‌ನ ಜೀವನಚರಿತ್ರೆ. ಅಲ್ಲಿ ದುಡಿದವರ, ಕುಣಿದವರ, ನುಡಿಸಿದವರ, ನಟಿಸಿದವರ ಮಾತುಗಳನ್ನು ಹೆಕ್ಕಿ ಜೋಡಿಸಿದ ಗ್ರಂಥ. ಇನಿಸ್ ಅವರು ಸ್ವತಃ ಅಲ್ಲಿ ಕೆಲಸ ಮಾಡಿದವರು; ಕಾದಂಬರಿಕಾರ್ತಿ ಕೂಡ.